ಮೊದಲು ಮೂಲ, ಆಮೇಲೆ ಮೂಳೆ

ಜನವರಿ 15, ಬೆಳಿಗ್ಗೆ 7.40

ಎರಡು ಮಂಡಿ, ಒಂದು ಮುರಿದ ಮಣಿಕಟ್ಟು — ಇವತ್ತಿನ ಆಪರೇಷನ್ ಪಟ್ಟಿ. ಅರಿವಳಿಕೆಯವರು ಇನ್ನೂ ಬಂದಿಲ್ಲ. ಚಹಾ ಆರಿದೆ. ಟ್ರೇಯಲ್ಲಿ ಕೆಳಗಿನ ರೆಕಾರ್ಡ್ ಕೋಣೆಯಿಂದ ಮತ್ತೊಂದು ಹಸಿರು ಚೀಟಿ.

ಹೋದ ವಾರದ ವೆಲ್ಡರ್ ಫೈಲಿನದು. ಬಲ ಸೊಂಟದ ಕೀಲಿನಲ್ಲಿ ಮೂಳೆ ಸತ್ತಿತ್ತು. ಕೊರೆದು ಒತ್ತಡ ಇಳಿಸಿದೆ. ಚೆನ್ನಾಗಿ ಆಯಿತು. ಅದಕ್ಕೆ, ಫೈಲು ಓದಿ ಕಾಯಿಲೆಗೆ ಕೋಡ್ ನಂಬರು ಹಾಕುವ ಕೋಡಿಂಗಿನವನ ಪ್ರಶ್ನೆ: "ಮೂಳೆ ಸಾಯಲು ಕಾರಣ ತಿಳಿದಿದ್ದರೆ ದಯವಿಟ್ಟು ದಾಖಲಿಸಿ. ಪುಟ 2 ನೋಡಿ."

ಅವನಿಗೆ ಪ್ರಶ್ನಾರ್ಥಕ ಅಂತ ಹೆಸರಿಟ್ಟಿದ್ದೇನೆ. ಮುಖ ನೋಡಿಲ್ಲ. ಹೋದ ತಿಂಗಳು ನಾನು 'ಬಲ' ಬರೆಯುವಲ್ಲಿ 'ಎಡ' ಬರೆದದ್ದನ್ನು ಹಿಡಿದವನು ಇವನೇ, ಆ ಋಣ ಇದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದುತ್ತಾನೆ, ಒಪ್ಪಿದೆ. ಆದರೆ ಮೂಳೆ ಸತ್ತಿದೆ, ಕೊರೆದಿದ್ದೇನೆ, ಮನುಷ್ಯ ನಡೆಯುತ್ತಾನೆ… ಇನ್ನೇನು ಬೇಕಂತೆ ಇವನಿಗೆ?

ಆಮೇಲೆ ನೋಡೋಣ.

ಫೆಬ್ರುವರಿ 6

ಹಸಿರು ಚೀಟಿ, ಅದೇ ಫೈಲು. ಮೇಲೆ "ಎರಡನೇ ಜ್ಞಾಪನೆ". ಒಂದಕ್ಷರ ಖಾರ ಇಲ್ಲ. ಅದೇ ಇನ್ನೂ ಉರಿಸುತ್ತದೆ.

ಊಟದ ಹೊತ್ತಿಗೆ ಮನೆಯಲ್ಲಿ ಹೇಳಿಕೊಂಡೆ. ಯಜಮಾನರು ತಟ್ಟೆಯಿಂದ ತಲೆ ಎತ್ತದೆ, "ನಾನು ಕೇಳಿದ್ದಕ್ಕೂ ನೀನು ಹೀಗೇ ತಾನೇ ಮಾಡೋದು? ನಂಗೂ ಒಂದು ಹಸಿರು ಪ್ಯಾಡ್ ತರ್ಸಿಕೊಡು" ಅಂದರು. ಮಗಳು ಕಿಸಕ್ ಎಂದಳು.

ಮಾರ್ಚ್ 10

ವೆಲ್ಡರ್ ಬಂದಿದ್ದರು. ಊರುಗೋಲು ಬಿಟ್ಟಿದ್ದಾರೆ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದು ತೋರಿಸಿದರು, ಮದುಮಗನ ಠೀವಿ.

"ಕೆಲ್ಸಕ್ಕೆ ಯಾವಾಗ ಹೋಗ್ಲಿ ಮೇಡಂ? ಮನೇಲಿ ಕೂತು ಕೂತು ಹೆಂಡ್ತಿ ಹತ್ರ ಬೈಸ್ಕೊಂಡು ಸಾಕಾಯ್ತು."

"ನಾಳೆನೇ ಹೋಗಿ. ಭಾರ ಎತ್ತೋದು ಮಾತ್ರ ನಿಧಾನ."

ಮಾಮೂಲಿ ಕೆಲಸಕ್ಕೆ ಫಿಟ್ ಅಂತ ಬರೆದುಕೊಟ್ಟೆ. ಇಂಥ ದಿನಕ್ಕೇ ಈ ಕೆಲಸ ಹಿಡಿದದ್ದು.

ಏಪ್ರಿಲ್ 2, ಬೆಳಿಗ್ಗೆ 11

ಮೂರನೇ ಚೀಟಿ. ಇವತ್ತು ತಡೆಯಲಾಗಲಿಲ್ಲ. ಕೆಳಗಿಳಿದೆ, ನಾಲ್ಕು ಮಾತು ಅಂದೇ ಬರೋಣ ಅಂತ.

ಲಾಂಡ್ರಿ ಪಕ್ಕದ ಕೋಣೆ. ಗೋಡೆ ಬಿಸಿ. ಎರಡು ಸ್ಕ್ರೀನಿನ ಮುಂದೆ ಬಾಗಿ ಕೂತ ಬಡಕಲು ಆಸಾಮಿ, ನನ್ನ ತಮ್ಮನ ವಯಸ್ಸು. ಭಂಗಿಯೂ ಪ್ರಶ್ನಾರ್ಥಕವೇ. ಎದ್ದು ನನಗೆ ಕುರ್ಚಿ ಕೊಟ್ಟ.

"ಅಷ್ಟು ಬುದ್ಧಿವಂತ ಆದ್ರೆ ಕಾರಣ ನೀನೇ ಬರ್ಕೋಬಾರ್ದಿತ್ತೇನಪ್ಪಾ?"

"ಬರ್ಕೊಳ್ಳೋ ಹಾಗಿಲ್ಲ ಮೇಡಂ. ನಾವು ಓದೋರು." ಮೆಲ್ಲಗೆ ವಿವರಿಸಿದ. ಸತ್ತ ಮೂಳೆಗೆ ಒಂದೇ ಕೋಡ್ ಅಲ್ಲ. ಕಾರಣ ಗೊತ್ತಿಲ್ಲದ್ದಕ್ಕೆ ಒಂದು, ಔಷಧಿಯಿಂದ ಆದದ್ದಕ್ಕೆ ಒಂದು, ಪೆಟ್ಟಿನಿಂದಾದರೆ ಇನ್ನೊಂದು. ಬೇರೆ ಕಾಯಿಲೆಯ ಬೆನ್ನಿಗೆ ಬಂದದ್ದನ್ನು ಒಂಟಿಯಾಗಿ ಹಾಕಲೇಬಾರದು, ಆ ಕಾಯಿಲೆಯ ಕೋಡ್ ಮುಂದೆ ಇರಬೇಕು. "ಮೊದಲು ಮೂಲ, ಆಮೇಲೆ ಮೂಳೆ. ಅಷ್ಟೇ ರೂಲು."

"ಮೂಲ ಆದ್ರೆ ನಾನಲ್ಲ, ಪಕ್ಕದ ರೂಮಿನ ಸರ್ಜನ್ನು."

ನಕ್ಕ. ನನ್ನ ಕೋಪ ಅಲ್ಲಿಗೆ ಅರ್ಧ ಇಳಿಯಿತು.

"ಸರಿ, ನಿಂಗೇನನ್ಸುತ್ತೆ? ಹೇಳು."

"ನಿಮ್ಮ ಬಾಯಿಗೆ ಮಾತು ತುರುಕಬಾರ್ದು ಮೇಡಂ. 'ಇಂಥದ್ರಿಂದ ಆಯ್ತು' ಅನ್ನೋ ಆ 'ಡ್ಯೂ ಟು' ನೀವೇ ಬರೀಬೇಕು." ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, ತಾನು ಗೋಡೆ ನೋಡುತ್ತ ನಿಂತ.

ಪುಟ 2. ದಾಖಲಾದ ದಿನ ವಾರ್ಡಿನ ಸಿಸ್ಟರ್ ಬರೆದದ್ದು. "ವೆಲ್ಡರ್, ಬಂದರಿನಲ್ಲಿ, ನೀರಿನಡಿ. ಹದಿನಾಲ್ಕು ವರ್ಷ. ಮೇಲೆ ಬಂದ ಮೇಲೆ ಆಗಾಗ ಕೀಲು ನೋವು."

ನೀರಿನಡಿ.

ಮುಳುಗುಗಾರರ ಕಾಯಿಲೆ. ಆಳದಿಂದ ಬೇಗ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆ ಏಳುತ್ತದೆ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ. ಮೂಳೆಗೆ ರಕ್ತ ನಿಲ್ಲುತ್ತದೆ. ಎಂಬಿಬಿಎಸ್ ಹುಡುಗರಿಗೆ ನಾನೇ ಪಾಠ ಮಾಡಿದ್ದೇನೆ! ವೆಲ್ಡರ್ ಅಂದಾಗ ಕಿಡಿ ಕಂಡೆ, ಶೆಡ್ಡು ಕಂಡೆ, ಒಂದು ಪ್ರಶ್ನೆ ಕೇಳಲಿಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ. ಅದೇ ಮನುಷ್ಯನನ್ನು ಮತ್ತೆ ನೀರಿಗೆ ಕಳಿಸಿ ಸಹಿಯನ್ನೂ ಹಾಕಿದೆ.

11.40

ಫೋನ್ ಮಾಡಿದೆ. ಹೆಂಡತಿ ಎತ್ತಿದರು. "ಅವ್ರು ನೀರಲ್ಲಿದಾರೆ ಮೇಡಂ. ನೀವ್ ಹೇಳಿದ್ಮೇಲೆ ದಿನಾ ಹೋಗ್ತಿದಾರೆ, ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ಮೇಲೆ ಬಂದ ತಕ್ಷಣ ಇಲ್ಲಿಗೆ ಬರಲಿ, ಮತ್ತೆ ಇಳಿಯುವುದು ಬೇಡ ಅಂದೆ. ಬಂದರಿನ ಸೂಪರ್‌ವೈಸರ್‌ಗೂ ಫೋನ್ ಮಾಡಿ, ನಿಧಾನವಾಗಿ ಮೇಲೆ ತನ್ನಿ, ಆತುರ ಮಾಡಬೇಡಿ ಅಂದೆ.

ಏಪ್ರಿಲ್ 4

ವೆಲ್ಡರನ್ನು ದಾಖಲು ಮಾಡಿಕೊಂಡು ತೆಗೆಸಿದ ಸ್ಕ್ಯಾನ್ ಬಂತು. ಎರಡು ಭುಜವೂ ಚೊಕ್ಕ. ಎಡ ಸೊಂಟದಲ್ಲಿ ಒಂದು ಮಚ್ಚೆ, ಜನವರಿಯ ಚಿತ್ರದಲ್ಲಿ ಇರಲಿಲ್ಲ. ಮೂಳೆಯ ಆಕಾರ ಕೆಟ್ಟಿಲ್ಲ, ಉಳಿಸಬಹುದು. ಹಳೆಯ ವರ್ಷಗಳದ್ದು ಈಗ ಕಂಡದ್ದೋ, ಈ ಮೂರು ವಾರದ್ದೋ… ಯಾರೂ ಹೇಳಲಾರರು.

ಫಿಟ್ ಪತ್ರ ಹಿಂದಕ್ಕೆ ಪಡೆದೆ. ಫೈಲಿನಲ್ಲಿ ಬರೆದೆ: ಮೂಳೆ ಸಾವು, 'ಡ್ಯೂ ಟು' ಮುಳುಗುಗಾರರ ಕಾಯಿಲೆ. ಬಲ ಸೊಂಟ. ಈಗ ಎಡವೂ. ತಾರೀಖು, ಸಹಿ. ನಾನೇ ಕೆಳಗೆ ಒಯ್ದೆ.

ಎರಡು ಸಲ ಓದಿದ. ಎರಡು ಕೋಡ್ ಹಾಕಿದ, ಕಾಯಿಲೆಯದು ಮುಂದೆ. ನಾನು ಹೇಳಿದ್ದಲ್ವಾ ಅನ್ನಲಿಲ್ಲ, ಹುಬ್ಬು ಕೂಡ ಏರಿಸಲಿಲ್ಲ. ಬದಲಿಗೆ ಕೇಳಿದ್ದು: "ಈಗ ಹೇಗಿದಾರೆ ಅವ್ರು?" ಒಬ್ಬ ರೋಗಿಯ ಮುಖವನ್ನೂ ನೋಡದವನು! ಇಪ್ಪತ್ತಾರು ವರ್ಷ ಈ ಕಟ್ಟಡದಲ್ಲಿ ನಾನೇ ಜೋರು ಅಂದುಕೊಂಡಿದ್ದೆ. ಬರೆದದ್ದನ್ನು ಹೀಗೆ ನಂಬಿ ಓದುವವನೊಬ್ಬ ಕೆಳಗಿದ್ದಾನೆ ಅಂತ ಗೊತ್ತಿದ್ದರೆ ಇನ್ನಷ್ಟು ನೋಡಿ ಬರೆಯುತ್ತಿದ್ದೆ. ಅವನಿಗೂ ಅದನ್ನೇ ಹೇಳಿದೆ. ಕಿವಿ ಕೆಂಪಾಯಿತು, ಪಾಪ.

ಏಪ್ರಿಲ್ 5, ಬೆಳಿಗ್ಗೆ 8

ವಾರ್ಡ್ ರೌಂಡು. ವೆಲ್ಡರ್ ಕಿಟಕಿ ಪಕ್ಕದ ಮಂಚದಲ್ಲಿ. ಇನ್ನು ನೀರಿಗಿಳಿಯುವ ಹಾಗಿಲ್ಲ ಅಂದೆ. ಅವರು ಆಕ್ಷೇಪಣೆ ಇಲ್ಲದೆ, ಸುಮ್ಮನೆ ತಿಳಿದುಕೊಳ್ಳುವವರ ಹಾಗೆ —

"ಇದು ಮೊದ್ಲೇ ಗೊತ್ತಾಗ್ತಿರ್ಲಿಲ್ವಾ ಮೇಡಂ?"

ಬಂದು ಹೇಳ್ತೀನಿ ಅಂದೆ. ಪಕ್ಕದ ಮಂಚಕ್ಕೆ ಸರಿದೆ. ಈಗ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಇಲ್ಲಿ ಬರೆಯಲು ಬಂದರೆ ಅಲ್ಲಿ ಹೇಳಲೂ ಬಂದೀತು.

ಗೊತ್ತಾಗುತ್ತಿತ್ತು. ಜನವರಿ ಹದಿನೈದಕ್ಕೇ ಒಬ್ಬರು ನನ್ನನ್ನು ಕೇಳಿದ್ದರು. ಪುಟ 2 ನೋಡಿ ಅಂತ ಬರೆದೂ ಇದ್ದರು. ನಾನು ನೋಡಲಿಲ್ಲ.