ಭೀಮುವಿನ ಊಟದ ಮುಕ್ಕಾಲು ತಾಸು

ಯಾದಗಿರಿ,
ಸೋಮವಾರ, 17 ನವೆಂಬರ್ 2025

ಪ್ರೀತಿಯ ಅವ್ವನಿಗೆ ನಿನ್ನ ಮೌನೇಶ್ವರಿಯ ನಮಸ್ಕಾರ.

ನಿನ್ನ ಮಣಿಕಟ್ಟಿನ ನೋವು ಈಗ ಹೇಗಿದೆ? ಹೋದ ತಿಂಗಳು ನೀರಿನ ಕೊಡ ಹಿಡಿಯಲೂ ಬರುತ್ತಿಲ್ಲ ಎಂದಿದ್ದೆ. ಹೈದರಾಬಾದಿನ ಆ ಮನೆಯ ಅಜ್ಜನನ್ನು ಮಂಚದಿಂದ ಕುರ್ಚಿಗೆ ಒಬ್ಬಳೇ ಎತ್ತಿ ಕೂರಿಸಬೇಡ, ಅವರ ಮಗನನ್ನೋ ಸೊಸೆಯನ್ನೋ ಒಂದು ಕೈ ಹಿಡಿಯಲು ಕರೆ. ಕರೆದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತಾರೆಂದು ನೀನು ಕರೆಯುವುದಿಲ್ಲ, ಅದೂ ನನಗೆ ಗೊತ್ತು. ಉಪ್ಪು ಬಿಸಿ ಮಾಡಿ ಅರಿವೆಯಲ್ಲಿ ಕಟ್ಟಿ ಶಾಖ ಕೊಟ್ಟುಕೋ. ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಆರಾಮವಾಗಿದ್ದೇನೆ. ಇಂಟರ್ನಲ್ಸ್ ಮುಗಿದವು, ಪೇಪರ್ ಹೇಗೆ ಬರೆದೆನೋ ನೆನಪಿಲ್ಲ. ಕ್ಲಾಸಿನಲ್ಲಿ ಯಾರಾದರೂ ನನ್ನ ಹೆಸರು ಕರೆದರೆ ಈಗಲೂ ದಡಕ್ಕನೆ ಎದ್ದು ನಿಲ್ಲುತ್ತೇನೆ. ಅದು ಇದ್ದದ್ದೇ ಬಿಡು.

ಫೋನು ಇರುವಾಗ ಪತ್ರ ಯಾಕೆ ಅಂತ ನಿನಗೆ ಅನಿಸಬಹುದು. ಭಾನುವಾರ ನೀನು ಫೋನು ಮಾಡುವಾಗ ಆ ಮನೆಯ ಅಮ್ಮನವರು ಪಕ್ಕದಲ್ಲೇ ಕೂತಿರುತ್ತಾರೆ, ನೀನು ಅತ್ತರೂ ಅವರಿಗೆ ಕೇಳುತ್ತದೆ. "ಭೀಮು ಹ್ಯಾಂಗ ಅದಾನ" ಎಂದು ಕೇಳುತ್ತಿ. ನಾನು "ಆರಾಮ ಅದಾನ ಬೇ" ಎನ್ನುತ್ತೇನೆ. ಇದನ್ನು ಆರು ಭಾನುವಾರ ಹೇಳಿದ್ದೇನೆ, ನಿನ್ನೆಯದೂ ಸೇರಿ. ಭೀಮು ಆರಾಮ ಇಲ್ಲ ಅವ್ವಾ. ಅಜ್ಜ ಮಲಗಿದ ಮೇಲೆ ಒಂದು ಕಡೆ ಕೂತು ಇದನ್ನು ಓದು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದು ನನಗೆ ಪೆನ್ನು ಹಿಡಿದರೆ ಪುಸ್ತಕದ ಕನ್ನಡವೇ ಬರುತ್ತದೆ, ನಡುವೆ ಇಂಗ್ಲಿಷ್ ನುಗ್ಗುತ್ತದೆ. ಮೇಡಂ ಆಗ್ಯಾಳ ಎಂದು ನಗಬೇಡ.

ಅಪ್ಪ ತೀರಿಕೊಂಡ ವರ್ಷ ನಾವು ತಮ್ಮ ಭೀಮುವನ್ನು ಶಹಾಪುರದ ಆ ಅಂಗವಿಕಲರ ಧಾಮದಲ್ಲಿ ಬಿಟ್ಟದ್ದು ಒಬ್ಬಳೇ ಒಬ್ಬಳನ್ನು ನಂಬಿ. ದೋರನಹಳ್ಳಿಯ ಗೊಲ್ಲಾಳಮ್ಮ, ಹನ್ನೊಂದು ವರ್ಷದಿಂದ ಅಲ್ಲಿ ಆಯಾ ಆಗಿದ್ದವಳು. ಮೊದಲ ದಿನ ಅವಳು ಅವನಿಗೆ ಉಣಿಸಿದ್ದನ್ನು ನೀನೇ ಬಾಗಿಲಲ್ಲಿ ನಿಂತು ನೋಡಿದ್ದೆಯಲ್ಲ. ಅವನ ಬೆನ್ನನ್ನು ತನ್ನ ಎದೆಗೆ ಆನಿಸಿಕೊಂಡು ಕೂತು, ಗದ್ದ ಎದೆಯ ಕಡೆ ಬಾಗಿಸಿ, ಜೋಳದ ನುಚ್ಚಿಗೆ ತಿಳಿಬೇಳೆ ಕಲಸಿ ಅರ್ಧ ಚಮಚೆ ಬಾಯಿಗಿಟ್ಟು, ಎರಡು ಬೆರಳು ಗಂಟಲ ಮೇಲೆ ಇಡುತ್ತಿದ್ದಳು. ಗಂಟಲು ಎರಡು ಸಲ ಮೇಲೆ ಹೋಗಿ ಕೆಳಗೆ ಬರುವ ತನಕ ಮುಂದಿನ ಚಮಚೆ ಇಲ್ಲ. ಒಂದು ಊಟಕ್ಕೆ ಮುಕ್ಕಾಲು ತಾಸು. "ಏ ಸಾವ್ಕಾರ, ಉಣ್ಣಾಕ ಕುಂತಿ ಏನು ಪಂಚಾಯ್ತಿ ಮಾಡಾಕ ಕುಂತಿ? ಜಲ್ದಿ ತೀರ್ಪು ಹೇಳು" ಎಂದು ಅವನನ್ನು ಕಾಡುತ್ತಿದ್ದಳು. ಅವನು ಮಾತು ಬಾರದಿದ್ದರೂ ಹೆಗಲು ಕುಣಿಸಿ ನಗುತ್ತಿದ್ದ, ನಕ್ಕಾಗ ಅವಳು ಚಮಚೆ ಕೆಳಗಿಡುತ್ತಿದ್ದಳು. ನಗುವಾಗ ತಿನಿಸಬಾರದು ಎಂದು ಅವಳಿಗೆ ಯಾವ ಕೋರ್ಸಿನಲ್ಲೂ ಕಲಿಸಿರಲಿಲ್ಲ.

ಆಗಸ್ಟಿನಿಂದ ಧಾಮ ನಡೆಸುವ ಟ್ರಸ್ಟಿನವರು ಆಯಾಗಳ ಕೆಲಸವನ್ನು ಹೊರಗಿನ ಒಂದು ಏಜೆನ್ಸಿಗೆ ಗುತ್ತಿಗೆ ಕೊಟ್ಟರು. ಕಟ್ಟಡ, ಬೋರ್ಡು ಅವರದೇ. ಉಣಿಸುವುದು, ತೊಳೆಯುವುದು, ಮಗ್ಗುಲು ಹೊರಳಿಸುವುದು ಏಜೆನ್ಸಿಯದು. ಹನ್ನೆರಡು ಸಾವಿರ ಪಗಾರ ಇದ್ದ ಆಯಾಗಳಿಗೆ ಎಂಟು ಸಾವಿರ ಅಂದರು, ಅದರಲ್ಲೂ ಯೂನಿಫಾರ್ಮಿನ ದುಡ್ಡು ಮುರಿದುಕೊಂಡರು. ಆರು ಮಂದಿ ಹಳೆಯ ಆಯಾಗಳು, ಗೊಲ್ಲಾಳಮ್ಮನೂ ಸೇರಿ, ಹಳೆಯ ಪಗಾರ ಕೊಡುವ ತನಕ ಬರುವುದಿಲ್ಲ ಎಂದು ಹೊರಗೆ ನಿಂತರು. ಅವರ ಜಾಗಕ್ಕೆ ಮೂವರು ಬಂದರು. ಊಟ ಈಗ ಹೊರಗಿನ ಅಡುಗೆಮನೆಯಿಂದ ಸ್ಟೀಲಿನ ಡ್ರಮ್ಮಿನಲ್ಲಿ ಬರುತ್ತದೆ. ಎಲ್ಲರಿಗೂ ಒಂದೇ, ಅನ್ನ ಮತ್ತು ನೀರು ಸಾರು. ಅನ್ನ ಉದುರುದುರು. ನುಚ್ಚು ಅವರ ಮೆನುವಿನಲ್ಲಿ ಇಲ್ಲ.

ಇಲ್ಲಿಯವರೆಗಿನದು ಬೇರೆಯವರ ತಪ್ಪು. ಇನ್ನು ನನ್ನದು. ಜುಲೈ ಕೊನೆಗೆ ಪಾಲಕರನ್ನೆಲ್ಲ ಕರೆಸಿದ್ದರು. ನನಗೆ ಜೂನಿನಲ್ಲಿ ಹದಿನೆಂಟು ತುಂಬಿತ್ತಲ್ಲ, ನಿನ್ನ ಬದಲು ಸಹಿ ಮಾಡಲು ನಾನು ಹೋದೆ. ಏಜೆನ್ಸಿಯ ಸೂಪರ್‌ವೈಸರ್ ವಿಶ್ವರಾಧ್ಯ ಎಂಬಾತ ಇಂಗ್ಲಿಷಿನ ಫಾರ್ಮು ಹಂಚಿದ. ಉಳಿದವರು ಹೆಬ್ಬೆಟ್ಟಿಗೆ ಮಸಿ ಹುಡುಕುತ್ತಿದ್ದರೆ ಆತ ನನಗೆ ಕುರ್ಚಿ ಹಾಕಿಸಿ "ನೀವೇ ಓದಿ ತುಂಬ್ರಿ ಮೇಡಂ, ನಿಮಗ ಹೇಳೂದು ಏನದ" ಎಂದ. ನನಗೆ ಎಷ್ಟು ಹಿಗ್ಗಾಯಿತೆಂದು ಈಗ ಬರೆಯಲೂ ನಾಚಿಕೆ. ಉಣ್ಣುವುದು, ಕೂರುವುದು, ಬಹಿರ್ದೆಸೆ, ಮಾತು, ಹೀಗೆ ಹತ್ತು ಸಾಲು. ಪ್ರತಿ ಸಾಲಿಗೆ ನಾಲ್ಕು ಚೌಕ: ತಾನೇ ಮಾಡುತ್ತಾನೆ, ಸ್ವಲ್ಪ ಸಹಾಯ ಬೇಕು, ಹೆಚ್ಚು ಸಹಾಯ ಬೇಕು, ಪೂರ್ತಿ ಇನ್ನೊಬ್ಬರೇ ಮಾಡಬೇಕು. ಹಾಸ್ಟೆಲಿನ ಅಡ್ಮಿಷನ್ ಫಾರ್ಮು ನೆನಪಿದೆಯೇ? ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾಳೆಯೇ ಎಂದಿದ್ದಲ್ಲಿ ನೀನು "ಇಲ್ಲ ಅಂತ ಬರಿ, ಇಲ್ಲಂದ್ರ ಸೀಟು ಕೊಡಂಗಿಲ್ಲ" ಅಂದಿದ್ದೆ. ನಾನು ಈ ತನಕ ತುಂಬಿದ ಫಾರ್ಮೆಲ್ಲ ಹಾಗೇ, ಕೊರತೆ ತೋರಿಸಿದರೆ ಹೊರಗೆ ಹಾಕುತ್ತಾರೆ. ಹಿಂದೆ ಕೂತಿದ್ದ ಯಾರೋ ಬೇರೆ "ಭಾಳ ಕೆಲಸ ಇದ್ದವರನ್ನ ಮನಿಗೆ ಕಳಸ್ತಾರಂತ" ಎಂದರು. ಭೀಮುವಿನ ಎಲ್ಲ ಸಾಲಿಗೂ "ಸ್ವಲ್ಪ ಸಹಾಯ" ಎಂದು ಟಿಕ್ ಹಾಕಿದೆ. ಉಣ್ಣುವ ಸಾಲಿಗೆ ಕೈ ಒಂದು ಕ್ಷಣ ನಿಂತಿತ್ತು, ಆದರೂ ಹಾಕಿದೆ. ಅಷ್ಟಕ್ಕೆ ಬಿಡದೆ ಇನ್ನೂ ನಾಲ್ಕು ಮಂದಿಯ ಫಾರ್ಮನ್ನು ಹಾಗೆಯೇ ತುಂಬಿಕೊಟ್ಟೆ. ಕೆಂಭಾವಿಯಿಂದ ಬಂದಿದ್ದ ಒಬ್ಬ ಅಜ್ಜಿ ಮೊಮ್ಮಗಳ ಫಾರ್ಮು ಬರೆಸಿಕೊಂಡು ನನ್ನ ಕೈಯಲ್ಲಿ ಎರಡು ಬಾಳೆಹಣ್ಣು ಇಟ್ಟಳು.

ಆ ಟಿಕ್ ಗುರುತುಗಳ ಮೇಲೆಯೇ ಆಯಾಗಳನ್ನು ಹಂಚುತ್ತಾರಂತೆ. ಪೂರ್ತಿ ಸಹಾಯ ಬೇಕಾದ ಐದು ಮಂದಿಗೆ ಒಬ್ಬಳು ಆಯಾ, ಸ್ವಲ್ಪ ಸಹಾಯದ ಹದಿನೈದು ಮಂದಿಗೆ ಒಬ್ಬಳು. ಭೀಮು ಹದಿನೈದರಲ್ಲಿ ಇದ್ದಾನೆ. ಆ ಅಜ್ಜಿಯ ಮೊಮ್ಮಗಳೂ ಅಲ್ಲೇ ಇದ್ದಾಳೆ.

ಅಕ್ಟೋಬರಿನಲ್ಲಿ ಅವನಿಗೆ ನೆಗಡಿ ಎಂದು ನಿನಗೆ ಹೇಳಿದ್ದೆ. ಅದು ನೆಗಡಿಯಲ್ಲ. ನಾಲ್ಕು ದಿನ ದವಾಖಾನೆಯಲ್ಲಿ ಇದ್ದ, ಮೂಗಿಗೆ ಆಕ್ಸಿಜನ್ ಹಾಕಿದ್ದರು. ನಾನು ಕ್ಲಾಸು ಬಿಟ್ಟು ಪಕ್ಕದಲ್ಲೇ ಇದ್ದೆ. "ಉಂಡದ್ದು ಹೊಟ್ಟಿಗೆ ಹೋಗಿಲ್ಲ, ಪುಪ್ಪುಸಕ್ಕ ಹೋಗ್ಯಾದ. ಯಾರರ ಕುಂತು ಸಮಾಧಾನಲೆ ತಿನಿಸಬೇಕು. ಇನ್ನೊಂದು ಸಲ ಹಿಂಗಾದ್ರ ನಮ್ಮ ಕೈಯಾಗ ಇರಂಗಿಲ್ಲ" ಎಂದು ಡಾಕ್ಟರು ಹೇಳಿದರು. ಆ ದಿನವೇ ನಿನಗೆ ತಿಳಿಸಬೇಕಿತ್ತು. ತಿಳಿಸಿದರೆ ನೀನು ಕೆಲಸ ಬಿಟ್ಟು ಬರುತ್ತೀ, ಬಂದರೆ ಮೂವರೂ ಏನು ಉಣ್ಣುವುದು ಎಂದು ಹೆದರಿ ಸುಮ್ಮನಾದೆ.

ಮೊನ್ನೆ ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೇ ಹೋದೆ. ಅವನ ಅಂಗಿಯ ಒಳಗೆ ಕೈ ಹಾಕಿದರೆ ಪಕ್ಕೆಲುಬು ಎಣಿಸಬಹುದು. ಬಲಸೊಂಟದ ಮೇಲೆ ರೂಪಾಯಿಯಷ್ಟು ಅಗಲ ಚರ್ಮ ಹೋಗಿದೆ, ಒಂದೇ ಮಗ್ಗುಲಿಗೆ ಮಲಗಿಸಿದ್ದಕ್ಕೆ. ಆಯಾ ಆಮೀನಾ, ನನಗಿಂತ ಒಂದು ವರ್ಷ ದೊಡ್ಡವಳು ಇರಬಹುದು. ಆರು ಮಂದಿಯನ್ನು ಸಾಲಾಗಿ ಕೂರಿಸಿ ಒಂದೇ ಚಮಚೆಯಲ್ಲಿ ಈ ತುದಿಯಿಂದ ಆ ತುದಿಗೆ ತಿನಿಸುತ್ತ ಹೋಗುತ್ತಿದ್ದಳು. ಒಂದೂವರೆಯ ಒಳಗೆ ಹದಿನೈದು ಖಾಲಿ ತಟ್ಟೆಗಳ ಫೋಟೋ ಮೊಬೈಲಿನಲ್ಲಿ ಹೋಗಬೇಕಂತೆ, ಹೋಗದಿದ್ದರೆ ಅರ್ಧ ದಿನದ ಪಗಾರ ಇಲ್ಲ. ಭೀಮುವಿನ ಸರದಿ ಬಂದಾಗ ಅವನ ತಲೆ ಹಿಂದಕ್ಕೆ ಬಾಗಿಸಿ, ಬಾಯಿಗೆ ಅನ್ನ ಹಾಕಿ, ಮೇಲೆ ಸಾರು ಸುರಿದಳು. ಅವನು ಕೆಮ್ಮಿದ, ಕಣ್ಣು ಮೇಲೆ ಹೋದವು. ನಾನು ಓಡಿ ಹೋಗಿ ಅವನನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿದೆ, ಅವಳ ಮೇಲೆ ಕೂಗಾಡಿದೆ. ಅವಳು ಎದುರು ಕೂಗಲಿಲ್ಲ. "ಬೈಯಬ್ಯಾಡಕ್ಕ. ನನಗ ಕೈ ಎರಡು ಅದಾವ, ಬಾಯಿ ಹದಿನೈದು. ಹ್ಯಾಂಗ ತಿನಸ್ಬೇಕು ಅಂತ ಯಾರೂ ತೋರಿಸಿಲ್ಲ. ಫೋಟೋ ಹ್ಯಾಂಗ ತೆಗೀಬೇಕು ಅಂತ ಒಂದು ದಿನ ತೋರಿಸ್ಯಾರ" ಎಂದಳು. ಎರಡು ತಿಂಗಳಿಂದ ಅವಳಿಗೆ ಪಗಾರವೇ ಆಗಿಲ್ಲ. ಆಮೇಲೆ ಭೀಮುವಿನ ತಟ್ಟೆಯಲ್ಲಿ ಉಳಿದ ಅನ್ನವನ್ನು ಬಕೆಟ್ಟಿಗೆ ಸುರಿದು ಫೋಟೋ ತೆಗೆದಳು. ನಾನು ನೋಡುತ್ತಿದ್ದೇನೆಂದು ಅವಳಿಗೆ ಗೊತ್ತಿತ್ತು.

ವಿಶ್ವರಾಧ್ಯ ಆಫೀಸಿನಲ್ಲೇ ಇದ್ದ. ಫಾರ್ಮು ತಪ್ಪು ತುಂಬಿದ್ದೇನೆ, ತಿದ್ದಿಕೊಡ್ರಿ ಎಂದು ಬೇಡಿಕೊಂಡೆ. "ತಂಗಿ, ನೀನೇ ಓದೀದಿ, ನೀನೇ ಬರದೀದಿ, ನೀನೇ ಸಹಿ ಮಾಡೀದಿ. ಹೆಬ್ಬಟ್ಟು ಒತ್ತಿದವರು ತಿಳಿಲಿಲ್ಲ ಅಂದ್ರ ನಂಬಬಹುದು" ಎಂದ. ಮತ್ತೆ ಫಾರ್ಮು ತುಂಬುವುದು ವರ್ಷಕ್ಕೆ ಒಂದೇ ಸಲ, ಇನ್ನು ಬರುವ ಜುಲೈಗೆ. ಆ ಡಾಕ್ಟರ ಚೀಟಿ ತೋರಿಸಿದೆ. ಅದರ ಫೋಟೋ ತೆಗೆದುಕೊಂಡು ಮೇಲಿನವರಿಗೆ ಕಳಿಸುತ್ತೇನೆ ಎಂದ. ಆತ ಕೆಟ್ಟವನಂತೆ ಮಾತಾಡಲಿಲ್ಲ, ಚಹಾ ತರಿಸಿದ. ತನ್ನ ಪಗಾರವೂ ಇಳಿದಿದೆ, ಮೂರು ಧಾಮ ತಿರುಗಬೇಕು, ಬೈಕಿನ ಪೆಟ್ರೋಲೂ ತನ್ನದೇ ಎಂದ. ಜುಲೈಗೆ ಎಂಟು ತಿಂಗಳು ಇದೆ ಅವ್ವಾ.

ನಿನ್ನೆ ದೋರನಹಳ್ಳಿಗೆ ಹೋಗಿದ್ದೆ. ಗೊಲ್ಲಾಳಮ್ಮ ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಾಳೆ, ಹೊಲದಿಂದ ಬರುವ ತನಕ ಕಟ್ಟೆಯ ಮೇಲೆ ಕೂತಿದ್ದೆ. ಬಂದವಳೇ "ನಮ್ಮ ಸಾವ್ಕಾರ ಹ್ಯಾಂಗ ಅದಾನ" ಎಂದಳು. ಅವಳಿಗೆ ಸುಳ್ಳು ಹೇಳಲು ಆಗಲಿಲ್ಲ. ಕೇಳುತ್ತ ಕೇಳುತ್ತ ಸೆರಗಿಗೆ ಅಂಟಿದ ಹತ್ತಿಯ ಎಳೆ ಕೀಳುತ್ತ ಕೂತಳು. ದೊಡ್ಡವ್ವ, ನೀ ಒಬ್ಬಾಕಿ ವಾಪಸ್ ಬಾ ಎಂದು ಕಾಲು ಹಿಡಿದೆ. ಅವಳು ಕಾಲು ಎಳೆದುಕೊಂಡು "ಹಂಗ ಮಾಡಬ್ಯಾಡ. ನಾವು ಆರು ಮಂದಿ ಮಾತು ಕೊಟ್ಕೊಂಡೀವಿ. ಎಂಟು ಸಾವಿರಕ್ಕ ಒಬ್ಬಾಕಿ ಒಳಗ ಹೋದ್ರ ಉಳದ ಐದು ಮಂದಿ ಬಾಯಾಗ ಮಣ್ಣು. ನಾಳೆ ಆರು ಸಾವಿರಕ್ಕೂ ಜನ ಸಿಗ್ತಾರ ಅಂತಾರ ಅವರು. ಆವಾಗ ನಿನ್ನ ತಮ್ಮಗ ತಿನಸಾಕಿ ಆಮೀನಾನೂ ಇರಂಗಿಲ್ಲ" ಎಂದಳು. ಗುರುವಾರ ಅವರು ಆರು ಮಂದಿ ತಹಶೀಲಿಯ ಮುಂದೆ ಧರಣಿ ಕೂರುತ್ತಾರೆ, ಅದಕ್ಕೆ ಅರ್ಜಿ ಬರೆದುಕೊಡು ಎಂದಳು. ಅಲ್ಲೇ ಕೂತು ಬರೆದುಕೊಟ್ಟೆ. ಆಮೇಲೆ ಒಳಗೆ ಕರೆದು, ತನ್ನ ಗಂಡನಿಗೆ ಮಾಡಿದ್ದ ನುಚ್ಚು ತಟ್ಟೆಗೆ ಹಾಕಿ, ನನ್ನನ್ನೇ ಭೀಮುವಿನಂತೆ ಎದೆಗೆ ಆನಿಸಿಕೊಂಡು ಕೂರಿಸಿ ತಿನಿಸಿದಳು. ನನ್ನ ಗಂಟಲ ಮೇಲೆ ಅವಳ ಬೆರಳು. ಹತ್ತಿಯ ಮುಳ್ಳಿಗೆ ತುದಿಯೆಲ್ಲ ಸೀಳಿ ಒರಟಾಗಿತ್ತು. "ಬಾಯಿ ಖಾಲಿ ಆದ್ರ ನುಂಗ್ಯಾನ ಅಂತ ತಿಳಿಬ್ಯಾಡ, ಗಂಟಲು ಹೇಳಬೇಕು. ಈಗ ನೀ ತಿನಸು" ಎಂದು ತಾನು ಕಣ್ಣು ಮುಚ್ಚಿ ಕತ್ತು ಸಡಿಲ ಬಿಟ್ಟು ಕೂತಳು. ನಾಲ್ಕು ಸಲ ತಪ್ಪಿದೆ, ಐದನೆಯದು ಸರಿಯಾಯಿತು. ವಾರಕ್ಕೆ ಒಂದು ದಿನ ಹೋಗಿ ಅವನಿಗೆ ತಿನಿಸಲು ಕಲಿಯುತ್ತಿದ್ದೇನೆಂದು ಅವಳು ತಿಳಿದಳು. ನಾನೂ ಆಗ ಹಾಗೆಯೇ ತಿಳಿದಿದ್ದೆ.

ನೀನು ಅವಸರದಲ್ಲಿ ಬಸ್ಸು ಹತ್ತಬೇಡ. ಆ ಕೆಲಸ ಹೋದರೆ ಮತ್ತೆ ಸಿಗುವುದಿಲ್ಲ. ಒಂದು ದಾರಿ ಮಾಡಿದ್ದೇನೆ. ಅಜ್ಜನಿಗೆ ಉಣಿಸುವಾಗ ನೀನೂ ಗದ್ದ ಬಾಗಿಸಿಯೇ ಉಣಿಸು. ಭೀಮುವಿನ ಪರವಾಗಿ ನಿನ್ನ ಕಾಲಿಗೆ ಬೀಳುತ್ತೇನೆ. ನನ್ನನ್ನು ಬೈಯುವುದಿದ್ದರೆ ಬೈ, ಶಾಪ ಮಾತ್ರ ಹಾಕಬೇಡ.

ನಿನ್ನ ಮಗಳು,
ಮೌನೇಶ್ವರಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಇದೊಂದು. ಈ ಬೆಳಿಗ್ಗೆ ವಿಶ್ವರಾಧ್ಯನಿಗೆ ಫೋನು ಮಾಡಿದೆ. ಗುರುವಾರದಿಂದ ನಾನು ಅಲ್ಲಿ ಆಯಾ, ಭೀಮು ಇರುವ ಕೋಣೆಗೇ, ಎಂಟು ಸಾವಿರಕ್ಕೆ. ಆಮೀನಾಳನ್ನು ಬೇರೆ ಕಡೆ ಹಾಕುತ್ತಾರೆ. ಕೆಲಸಕ್ಕೆ ಬೇಕಾದ ತರಬೇತಿಯ ಸರ್ಟಿಫಿಕೇಟು ಆತನೇ ಬರೆದುಕೊಳ್ಳುತ್ತಾನಂತೆ. ಕಾಲೇಜಿನ ಅಟೆಂಡೆನ್ಸ್ ಹೋಗುತ್ತದೆ, ಹಾಸ್ಟೆಲೂ ಬಿಡಬೇಕು, ಧಾಮದ ಸ್ಟೋರ್ ರೂಮಿನಲ್ಲಿ ಮಲಗಲು ಜಾಗ ಕೊಡುತ್ತಾರೆ. ಹದಿನೈದು ಮಂದಿಯಲ್ಲಿ ಭೀಮುವಿಗೆ ಮುಕ್ಕಾಲು ತಾಸು ಕೊಟ್ಟರೆ ಉಳಿದವರಿಗೆ ಎಷ್ಟು ನಿಮಿಷ ಉಳಿಯುತ್ತದೆ ಎಂದು ನೀನು ಯೋಚಿಸಬೇಡ, ನಾನು ಯೋಚಿಸಿ ಮುಗಿಸಿದ್ದೇನೆ. ನಾನು ಹೋಗುತ್ತಿರುವುದು ಗೊಲ್ಲಾಳಮ್ಮನ ಜಾಗಕ್ಕೆ. ಅವಳಿಗೆ ಇನ್ನೂ ಹೇಳಿಲ್ಲ. ನಿನ್ನ ನಂಬರು ಅವಳ ಹತ್ತಿರ ಇದೆ. ಅವಳು ಫೋನು ಮಾಡಿದರೆ ಮೌನೇಶ್ವರಿ ಕಾಲೇಜಿಗೆ ಹೋಗಾಕತ್ಯಾಳ ಎಂದೇ ಹೇಳು.