ಆಕಾಶಕ್ಕೆ ತೆರೆದ ಕೊಳವೆ

ಗಜೇಂದ್ರಗಡ, ೨೨೧೯ನೇ ಇಸವಿ, ಫೆಬ್ರವರಿ ಮೂವತ್ತು

ದೊಡ್ಡ ಅಯಸ್ಕಾಂತವನ್ನು ತಣಿಸುವ ವ್ಯವಸ್ಥೆಗೆ ನಕ್ಷೆ ಬರೆಯುತ್ತ ಕುಳಿತಿರುವ ಹಿರಿಯರಿಗೆ ಯಮನೂರಪ್ಪನ ಶರಣು. ಫೆಬ್ರವರಿಗೆ ಮೂವತ್ತು ಎಲ್ಲಿಂದ ಬಂತೆಂದು ನಗಬೇಡಿ. ನೀವು ಮೊಟಕು ಮಾಡಿದ್ದ ತಿಂಗಳನ್ನು ನಾವು ಸರಿಮಾಡಿಕೊಂಡಿದ್ದೇವೆ. ನನ್ನ ಮಾತುಗಳೂ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಈಗ ಬರೆಯುತ್ತಿರುವ ಅಯಸ್ಕಾಂತ ನಮ್ಮೂರಿನ ಆಸ್ಪತ್ರೆಯಲ್ಲಿ ಇನ್ನೂ ಬದುಕಿದೆ. ನಿಮ್ಮ ಹೀಲಿಯಂಗೆ ನಾವು ಚುಕ್ಕಿಗಾಳಿ ಎನ್ನುತ್ತೇವೆ. ಅದನ್ನು ದ್ರವವಾಗಿಸಿ ತುಂಬಿದಾಗ ಸುರುಳಿಯ ತಂತಿಗಳು ವಿದ್ಯುತ್ತನ್ನು ತಡೆಯುವುದನ್ನೇ ಮರೆತುಬಿಡುತ್ತವೆ; ಅದು ಅಯಸ್ಕಾಂತದ ನಿದ್ದೆ. ಆ ನಿದ್ದೆಯಲ್ಲೇ ಅದು ಮನುಷ್ಯರ ಮೈಯೊಳಗನ್ನು ನೋಡುತ್ತದೆ. ತಣಿಸುವ ವಾರಗಳಲ್ಲಿ ಗುಡ್ಡದ ಗಾಳಿಯಂತ್ರಗಳೆಲ್ಲ ಅದಕ್ಕಾಗಿಯೇ ತಿರುಗುತ್ತವೆ, ಊರು ಮೆಲ್ಲಗೆ ಮಾತಾಡುತ್ತದೆ. ಸದ್ದಿಗೆ ಅದು ಏಳುವುದಿಲ್ಲವೆಂದು ಎಲ್ಲರಿಗೂ ಗೊತ್ತು, ಆದರೂ ರೂಢಿ.

ಒಳಗೆಲ್ಲೋ ಒಂದಿಷ್ಟು ಬಿಸಿಯಾದರೆ ಸಾಕು, ಎಚ್ಚರವಾಗಿಬಿಡುತ್ತದೆ. ಆಗ ದ್ರವ ಕುದಿದು ಗಾಳಿಯಾಗಿ, ಛಾವಣಿಯ ಮೇಲೆ ನೀವು ಆಕಾಶಕ್ಕೆ ತೆರೆದಿಟ್ಟ ಕೊಳವೆಗೆ ನುಗ್ಗುತ್ತದೆ. ಅದರ ಬಾಯಿಗೆ ನಾವೊಂದು ದೊಡ್ಡ ಚೀಲ ಕಟ್ಟಿದ್ದೇವೆ. ಗಂಟೆ ಬಾರಿಸಿದರೆ ಎಲ್ಲರೂ ಓಡಿಬಂದು, ರೊಟ್ಟಿ ಹಿಟ್ಟಿನ ಕೈಯಲ್ಲೇ ಚೀಲದ ಹಗ್ಗ ಹಿಡಿಯುತ್ತಾರೆ. ಅದು ಉಬ್ಬಿ, ಬೆಳ್ಳಗೆ, ಆಸ್ಪತ್ರೆಗಿಂತ ದೊಡ್ಡದಾಗಿ ತೇಲುತ್ತದೆ. ನೆರಳಿನಲ್ಲಿ ನಿಂತವರಿಗೆ ತಮ್ಮ ಪಾದವೂ ನೆಲ ಬಿಟ್ಟಂತೆ ಅನಿಸುತ್ತದೆ. ಹಗ್ಗದ ಮುಂದಾಳು ಹುಸೇನಬಿ ಬಿಡುವುದಿಲ್ಲ: “ಬಿಗಿ ಹಿಡೀರಿ, ಜೋಗುಳಾ ಕೇಳಾಕ ಬಂದೀರೇನು?”

ಹೋದ ವರ್ಷ ಬಿರುಗಾಳಿಗೆ ಚೀಲ ಹರಿಯಿತು. ಬಣ್ಣವಿಲ್ಲ, ವಾಸನೆಯಿಲ್ಲ, ಚೀಲ ಸೊರಗಿದ್ದಷ್ಟೇ ಕಂಡಿತು. ಮೇಲೆ ಹೋದ ಚುಕ್ಕಿಗಾಳಿ ಮತ್ತೆ ಕೈಗೆ ಸಿಗುವುದಿಲ್ಲ. ಹಗ್ಗ ಹಿಡಿದುಕೊಂಡೇ ನಾನು ಅತ್ತುಬಿಟ್ಟೆ. ಉಳಿದದ್ದು ಒಂದು ಸಲ ತುಂಬಿಸುವಷ್ಟು. ಇನ್ನು ಸ್ವಲ್ಪ ಕಳೆದರೂ ಅಯಸ್ಕಾಂತ ಮತ್ತೆ ನಿದ್ದೆ ಹೋಗದು.

ನನ್ನ ಹೆಂಡತಿ ಕಾಳವ್ವನ ತಲೆಯೊಳಗೊಂದು ಗಂಟಿದೆ. ಎಲ್ಲಿದೆಯೆಂದು ಕಾಣದೆ ವೈದ್ಯರು ಕತ್ತಿ ಹಿಡಿಯಲಾರರು. ಅಯಸ್ಕಾಂತ ಈಗ ನಿದ್ದೆಯಲ್ಲಿದೆ, ನಾಳೆ ಅವಳ ಸರದಿ. ಅಲ್ಲಿಯವರೆಗೆ ಅದು ಏಳದಿದ್ದರೆ ಸಾಕು, ನನಗೆ ಬೇರೆ ಆಸೆಯಿಲ್ಲ.

ಆ ಕೊಳವೆಯನ್ನು ಕೆಳಗೆ ಬಗ್ಗಿಸಿ ಒಂದು ತೊಟ್ಟಿಗೆ ಸೇರಿಸಿದ್ದರೆ ಗಾಳಿ ಮನೆಯಲ್ಲೇ ಉಳಿಯುತ್ತಿತ್ತು. ಇದನ್ನು ಸಿಟ್ಟಿನಲ್ಲೇ ಬರೆಯಲು ಕುಳಿತಿದ್ದೆ. ಕಾಳವ್ವ ಹೆಗಲ ಮೇಲಿಂದ ಓದಿ, “ಬೈಬ್ಯಾಡ. ಅವರ ಮನ್ಯಾಗೂ ಯಾರಿಗೋ ಆರಾಮ ಇರಲಿಕ್ಕಿಲ್ಲ, ಲಗೂ ಮುಗಿಸ್ಯಾರ” ಎಂದಳು. ಹಾಗಾಗಿ ಬೈಯುತ್ತಿಲ್ಲ, ಬೇಡುತ್ತಿದ್ದೇನೆ. ನಕ್ಷೆ ಇನ್ನೂ ನಿಮ್ಮ ಮೇಜಿನ ಮೇಲಿದೆ.

ಗಂಟೆ ಬಾರಿಸುತ್ತಿದ್ದಾರೆ. ಕಾಳವ್ವ ನನಗಿಂತ ಮೊದಲೇ ಎದ್ದು, ಸೆರಗು ಸಿಕ್ಕಿಸಿಕೊಂಡು, ಹಗ್ಗದ ಕಡೆ ಓಡುತ್ತಿದ್ದಾಳೆ. ನಾನೂ ಹೋಗಬೇಕು. ದಯವಿಟ್ಟು ಕೊಳವೆಯ ಆ ಗೆರೆಯನ್ನು ಬಗ್ಗಿಸಿ.