ಗಡ್ಡ ಬಂದ ತೆನೆ

ಲೋಹಾರಾ, ತಾಲೂಕು ಉಮರ್ಗಾ
ದಸರಾದ ಮರುವಾರ, ೧೯೫೩

ಅಣ್ಣಾ, ನಿನಗೂ ಅವ್ವನಿಗೂ ಶರಣು. ಈ ಮನೆಯವರು ಆಡುವುದು ಕನ್ನಡ, ಓದುವುದು ಮರಾಠಿ. ಹಾಗಾಗಿ ಕಾರ್ಡಿನ ಮೇಲೆಯೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮನೆಯ ಹಿರಿಯರು ಮೊದಲ ತೆನೆಗೆ ಕುಡುಗೋಲು ಹಾಕುವವರೆಗೆ ಇಲ್ಲಿ ಯಾರೂ ಜೋಳ ಕೊಯ್ಯುವಂತಿಲ್ಲ. ದೊಡ್ಡಮಾವ ರೇವಣಪ್ಪನವರು, "ಹಿರ್ಯಾ ನಾ ಇದ್ದೀನಿ" ಎಂದರು. ನಮ್ಮ ಮಾವ, "ಬಿತ್ತಿದಂವಾ ನಾ, ನೀ ಕಟ್ಟಿ ಮ್ಯಾಲ ಕುಂತಿದ್ದಿ" ಎಂದರು. ನಮ್ಮವರು ಇಬ್ಬರಿಗೂ ಹ್ಞೂಂ ಅಂದರು. ಕುಡುಗೋಲು ದೇವರ ಮುಂದೆಯೇ ಉಳಿಯಿತು, ಮಳೆ ಹಿಡಿಯಿತು.

ನಿನ್ನೆ ಹೊಲಕ್ಕೆ ಹೋಗಿ ನೋಡಿದರೆ, ನಿಂತ ದಂಟಿನ ಮೇಲೆ ತೆನೆಯಲ್ಲೇ ಕಾಳು ಮೊಳೆತಿತ್ತು. ಒಂದೊಂದು ತೆನೆಗೂ ಹಸಿರು ಗಡ್ಡ. ಇಬ್ಬರನ್ನೂ ಹೆತ್ತ ಸರುಬಾಯಜ್ಜಿ ಒಂದು ತೆನೆ ಮುರಿದು ತಂದು ಅವರ ನಡುವೆ ಇಟ್ಟು, "ತಗೋರಿ, ಈಗ ಮನಿಗೆ ಹಿರ್ಯಾ ಇಂವಾ. ಗಡ್ಡ ನೋಡ್ರಿ" ಎಂದಳು. ಅಣ್ಣತಮ್ಮಂದಿರು ಅದನ್ನು ದೇವರ ಮಹಿಮೆ ಎಂದರು. ಅದೊಂದು ಮಾತಿಗೆ ಮಾತ್ರ ಜಗಳವಾಗಲಿಲ್ಲ.

ನಾನು ಆರಾಮ, ಕಾಲು ಬಾತಿವೆ. ಒಂಬತ್ತು ತಿಂಗಳು ತುಂಬುತ್ತ ಬಂತು. ಚೊಚ್ಚಲ ಬಾಣಂತನಕ್ಕೆ ನನ್ನನ್ನು ಸೋಮವಾರ ಕಳಿಸಬೇಕೆಂದು ದೊಡ್ಡಮಾವ ಹೇಳಿದರೆ, "ಸೊಸಿ ನನಗ, ವಾರಾನೂ ನಾನೇ ಹೇಳಾಂವ, ಗುರುವಾರ" ಎಂದು ಮಾವ ಹಟ ಹಿಡಿದಿದ್ದಾರೆ. ಎರಡು ಸೋಮವಾರ, ಎರಡು ಗುರುವಾರ ಹೀಗೇ ಹೋದವು.

ಟಪಾಲಿನವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಕಾರ್ಡು ಮುಟ್ಟಿದ ದಿನವೇ ಗಾಡಿ ಕಟ್ಟಿಕೊಂಡು ಬಾ. ಯಾವ ವಾರವೆಂದು ಯಾರನ್ನೂ ಕೇಳಬೇಡ. ಜೋಳ ಕೇಳಲಿಲ್ಲ, ಹೊಟ್ಟೆಯಲ್ಲಿರುವುದೂ ಕೇಳುವ ಹಾಗೆ ಕಾಣುವುದಿಲ್ಲ.

ನಿನ್ನ ತಂಗಿ,
ಪ್ರಯಾಗ